ಮನೆಯಲ್ಲಿ ಅವರೆಕಾಳು ಹಿತುಕಿದ್ರಾ?

ಹೋದ ಸೋಮವಾರ ನನ್ನ ಕೈಗೆ ಒಂದು ಮೆಮೊ ಬಂತು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಇದೇ ಮೊದಲನೆಯದು. ಅದರಲ್ಲಿ ಮೂರು ಪ್ರಶ್ನೆಗಳಿದ್ದವು. ಶುಶ್ರೂಷಕಿಯಾದ ನೀವು ಯಾವ ಅಧಿಕಾರದಿಂದ ಹೊರರೋಗಿ ಮಗುವಿನ ಎದೆಯನ್ನು ಪರೀಕ್ಷಿಸಿದಿರಿ? ಯಾವ ಅಧಿಕಾರದಿಂದ ಬೆಂಗಳೂರಿನ ಆಸ್ಪತ್ರೆಗೆ ಪತ್ರ ಬರೆದಿರಿ? ಹೀಗೆ ಮಾಡುವಂತೆ ನಿಮಗೆ ಹೇಳಿದವರು ಯಾರು? ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.

ಮೂರನೆಯ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಮೈ ಉರಿಯಿತು. ಹೇಳಿದವರು ಯಾರೆಂದು ಇವರಿಗೆ ಗೊತ್ತಿಲ್ಲವೆ? ಡಿಸೆಂಬರ್ ಕೊನೆಯ ದಿನ ಇದೇ ಜನ ಆಕೆಯ ತಲೆಗೆ ಪೇಟ ಇಟ್ಟು, ಹೆಗಲಿಗೆ ಶಾಲು ಹೊದಿಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆಸಿಕೊಂಡಿದ್ದಾರೆ. ಆ ಫೋಟೋ ಇನ್ನೂ ನಮ್ಮ ಆಸ್ಪತ್ರೆಯ ವಾಟ್ಸಾಪ್ ಗ್ರೂಪಿನಲ್ಲಿದೆ.

ಆಕೆಯ ಹೆಸರು ಬರೆಯುವುದಿಲ್ಲ. ಬರೆದರೆ ಮೊದಲು ಬೈಯುವವರು ಅವರೇ. ಆಸ್ಪತ್ರೆಯ ಹೆಸರೂ ಬೇಡ, ಬೆಂಗಳೂರು ಗ್ರಾಮಾಂತರದ ನಾಲ್ಕು ತಾಲೂಕುಗಳಲ್ಲಿ ಒಂದರದ್ದು ಅಂದುಕೊಳ್ಳಿ. ನಾವು ಅವರನ್ನು ಮೇಡಂ ಅನ್ನುತ್ತಿದ್ದೆವು, ಹಳ್ಳಿಯವರು ಡಾಕ್ಟ್ರಮ್ಮ ಅನ್ನುತ್ತಿದ್ದರು. ಮಕ್ಕಳ ಡಾಕ್ಟರು. ಗಿಡ್ಡ ಹೆಂಗಸು, ದಪ್ಪ ಗಾಜಿನ ಕನ್ನಡಕ, ಯಾವಾಗಲೂ ಗಂಜಿ ಹಾಕಿದ ಕಾಟನ್ ಸೀರೆ. ಮಧ್ಯಾಹ್ನದ ಬುತ್ತಿಯನ್ನು ಕಿಟಕಿಯ ಪಕ್ಕ ನಿಂತುಕೊಂಡೇ ತಿನ್ನುತ್ತಿದ್ದರು. ಕೂತರೆ ಹೊರಗೆ ಕಾಯುವವರು ಕಾಣುವುದಿಲ್ಲ, ಕಾಣದಿದ್ದರೆ ಊಟ ಉದ್ದವಾಗುತ್ತದೆ ಎಂಬುದು ಅವರ ವಾದ.

ಬಾಯಿ ಮಾತ್ರ ಬಹಳ ಜೋರು. ತಾಯಂದಿರನ್ನು ಬೈಯುತ್ತಿದ್ದರು, ನಮ್ಮನ್ನು ಬೈಯುತ್ತಿದ್ದರು. ಮಗುವಿನ ಉಸಿರನ್ನು ಒಂದು ನಿಮಿಷ ಪೂರ್ತಿ ಎಣಿಸಬೇಕು ಎಂಬುದು ಅವರ ಕಟ್ಟುನಿಟ್ಟು. ನಾವು ಕೆಲಸದ ಅವಸರದಲ್ಲಿ ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ ಬರೆದುಬಿಡುತ್ತಿದ್ದೆವು. ಅದು ಅವರಿಗೆ ಹೇಗೋ ಗೊತ್ತಾಗುತ್ತಿತ್ತು. "ಉಳಿದರ್ಧ ನಿಮಿಷ ಯಾರ ಮನೆಗೆ ಕೊಟ್ಟು ಬಂದೆ?" ಎಂದು ಎಲ್ಲರ ಎದುರಿಗೇ ಕೇಳಿ, ಪೆನ್ನು ಕಸಿದುಕೊಂಡು, ಮತ್ತೆ ಎಣಿಸಲು ಕೂರಿಸುತ್ತಿದ್ದರು. ಮೊದಲ ವರ್ಷ ನಾನು ಎರಡು ಸಲ ಅತ್ತಿದ್ದೇನೆ.

ಆದರೆ ಮಗುವನ್ನು ಮುಟ್ಟುವಾಗ ಆ ಜೋರು ಎಲ್ಲಿಗೋ ಹೋಗುತ್ತಿತ್ತು. ಸ್ಟೆತಾಸ್ಕೋಪಿನ ಬಿಲ್ಲೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿ, ಮೊದಲು ತಮ್ಮ ಕೆನ್ನೆಗೆ ತಾಗಿಸಿ ನೋಡಿ, ಆಮೇಲೆ ಮಗುವಿನ ಎದೆಗೆ ಇಡುತ್ತಿದ್ದರು. ಎಡಕ್ಕೆ ಒಂದು ಸಲ, ಅದೇ ಎತ್ತರದಲ್ಲಿ ಬಲಕ್ಕೆ ಒಂದು ಸಲ. ಮತ್ತೆ ಸ್ವಲ್ಪ ಕೆಳಗೆ, ಎಡಕ್ಕೆ, ಬಲಕ್ಕೆ. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಆಗ ಕೋಣೆಯಲ್ಲಿ ಯಾರಾದರೂ ಬೀರುವಿನ ಬಾಗಿಲು ತೆಗೆದರೂ ಕೈ ಎತ್ತಿ ಸನ್ನೆ ಮಾಡುತ್ತಿದ್ದರು. ಇದೆಲ್ಲ ಅವರು ಹುಟ್ಟುತ್ತಲೇ ಕಲಿತುಕೊಂಡು ಬಂದದ್ದಲ್ಲ. ಮೊದಲು ಅವರೂ ಎಲ್ಲ ಡಾಕ್ಟರರ ಹಾಗೆ ಎದೆಗೆ ಎರಡು ಕಡೆ ಒತ್ತಿ, ಚೀಟಿ ಬರೆದು, ಮುಂದಿನವರು ಬನ್ನಿ ಅನ್ನುತ್ತಿದ್ದವರೇ. ಅವರನ್ನು ಬದಲಾಯಿಸಿದ್ದು ಒಂದು ಮಗು.

ಅದಾಗಿ ಹದಿನೈದು ವರ್ಷ ದಾಟಿತು. ಮಾಕಳಿದುರ್ಗದ ಕಡೆಯ ಒಂದು ಹಳ್ಳಿಯಿಂದ ಬರುತ್ತಿದ್ದ ಮೂರು ವರ್ಷದ ಹೆಣ್ಣು ಮಗು. ಕೆಮ್ಮು. ಜನವರಿ ತಿಂಗಳು, ಊರಿಗೆಲ್ಲ ಕೆಮ್ಮು ಇದ್ದ ಕಾಲ. ಸಿರಪ್ ಬರೆದೆವು, ಕಡಿಮೆಯಾಗಲಿಲ್ಲ. ಹೊರಗಿನ ಎರಡು ಕ್ಲಿನಿಕ್ಕುಗಳಲ್ಲೂ ತೋರಿಸಿಕೊಂಡು ಮತ್ತೆ ನಮ್ಮಲ್ಲಿಗೇ ಬಂದರು. ನ್ಯುಮೋನಿಯಾ ಎಂದು ದಾಖಲು ಮಾಡಿಕೊಂಡೆವು. ಸೂಜಿ ಚುಚ್ಚಿದವಳು ನಾನೇ. ಜ್ವರ ಇಳಿಯಿತು, ಮನೆಗೆ ಕಳಿಸಿದೆವು. ಹತ್ತು ದಿನಕ್ಕೆ ಮತ್ತೆ ಬಂತು. ಹೀಗೆ ಐದು ವಾರ ಕಳೆಯಿತು. ಕೊನೆಗೆ ತುಟಿ ನೀಲಿಯಾದಾಗ ಬೆಂಗಳೂರಿಗೆ ಕಳಿಸಿದೆವು. ಅಲ್ಲಿನ ಮಕ್ಕಳ ಆಸ್ಪತ್ರೆಯವರು ಉಸಿರಿನ ಕೊಳವೆಯೊಳಗೆ ಸಣ್ಣ ಸ್ಕೋಪ್ ಇಳಿಸಿ ನೋಡಿದರೆ ಬಲಗಡೆ ಒಂದು ಅವರೆಬೇಳೆ ಸಿಕ್ಕಿಕೊಂಡು, ಊದಿ, ಸುತ್ತಲೂ ಕೀವು ತುಂಬಿತ್ತು. ಬೇಳೆಯನ್ನು ತೆಗೆದರು. ಮಗು ಎರಡು ದಿನ ಇದ್ದು ಹೋಗಿಬಿಟ್ಟಿತು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅವರೆ ಕಾಲ ಬಂದರೆ ಮನೆಮಂದಿಯೆಲ್ಲ ನೆನೆಸಿದ ಕಾಳಿನ ಬೇಸಿನ್ ಸುತ್ತ ಕೂರುತ್ತೇವೆ. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುತ್ತದೆ. ಚಿಮ್ಮಿದ್ದು ಮಗುವಿನ ಕೆನ್ನೆಗೆ ತಾಗಿದರೆ ಮಗು ಕಿಲಕಿಲ ನಗುತ್ತದೆ. ಆ ನಗುವ ಬಾಯಿಗೆ ಗುರಿಯಿಟ್ಟು ಇನ್ನೊಂದು ಚಿಮ್ಮಿಸುವುದು ಅಜ್ಜಿಯರ, ಸೋದರಮಾವಂದಿರ ಆಟ. ನಾನೂ ನನ್ನ ಅಕ್ಕನ ಮಕ್ಕಳ ಜೊತೆ ಆಡಿದ್ದೇನೆ. ಆ ಮಗುವಿನ ಮನೆಯಲ್ಲೂ ಅದೇ ಆಗಿತ್ತು. ಮಗು ಒಂದೆರಡು ನಿಮಿಷ ಕೆಮ್ಮಿ, ಮುಖ ಕೆಂಪಾಗಿ, ಬೆನ್ನಿಗೆ ತಟ್ಟಿದ ಮೇಲೆ ಸುಮ್ಮನಾಯಿತು. ಎಲ್ಲರೂ ಹೋಯಿತು ಬಿಡು ಅಂದುಕೊಂಡು ಕಾಳು ಹಿತುಕುವುದನ್ನು ಮುಂದುವರಿಸಿದರು. ಬೇಳೆ ಹೋಗಿರಲಿಲ್ಲ, ಉಸಿರಿನ ದಾರಿಯಲ್ಲಿ ಕೆಳಗಿಳಿದು ಕೂತಿತ್ತು.

ಬೆಂಗಳೂರಿನ ಆಸ್ಪತ್ರೆಯ ಕಾಗದ ನಮ್ಮಲ್ಲಿಗೆ ಬಂದಾಗ ಮೇಡಂ ಅದನ್ನು ಗಾಯಕ್ಕೆ ಕಟ್ಟು ಹಾಕುವ ಟೇಬಲ್ಲಿನ ಪಕ್ಕ ನಿಂತು ಓದಿದರು. ಮತ್ತೊಮ್ಮೆ ಓದಿದರು. ಕಾಗದ ತಂದಿದ್ದ ಮಗುವಿನ ಅಪ್ಪ ಎದುರಿಗೇ ಇದ್ದ.

"ಕಾಳು ಗಂಟಲಿಗೆ ಸಿಕ್ಕಿ ಕೆಮ್ಮಿದ್ದು ನಮಗೆ ಯಾಕಪ್ಪಾ ಹೇಳ್ಲಿಲ್ಲ?" ಎಂದು ಕೇಳಿದರು.

ಅವನಿಗೆ ಸಿಟ್ಟೂ ಇರಲಿಲ್ಲ. "ಯಾರೂ ಕೇಳ್ಲಿಲ್ವಲ್ಲ ಮೇಡಂ," ಅಂದ. "ಕೆಮ್ಮು ಎಷ್ಟ್ ದಿನದಿಂದ ಅಂದ್ರಿ, ಹೇಳ್ದೆ. ಜ್ವರ ಐತಾ ಅಂದ್ರಿ, ಹೇಳ್ದೆ."

ಮೇಡಂ ಅವತ್ತು ಯಾರನ್ನೂ ಬೈಯಲಿಲ್ಲ. ಮಾರನೆಯ ದಿನವೂ ಬೈಯಲಿಲ್ಲ. ಒಂದು ವಾರ ಹಾಗೇ ಇದ್ದದ್ದು ನೋಡಿ ನಮಗೆ ಹೆದರಿಕೆಯಾಗತೊಡಗಿತು. ಎಂಟನೆಯ ದಿನ ನನ್ನನ್ನು ಕರೆದು, ಮಕ್ಕಳ ಶ್ವಾಸಕೋಶದ ಬಗ್ಗೆಯೇ ಬೇರೆ ಓದು ಇದೆಯಂತೆ, ಅದಕ್ಕೆ ಅರ್ಜಿ ಹಾಕುತ್ತಿದ್ದೇನೆ ಎಂದರು.

ಆಗ ಅವರಿಗೆ ನಲವತ್ತೈದು. ಇಲಾಖೆಗೆ ಅರ್ಜಿ ಕೊಟ್ಟರೆ ವಯಸ್ಸು ಮೀರಿದೆ ಎಂದು ವಾಪಸು ಬಂತು. ಮತ್ತೆ ಕೊಟ್ಟರೆ, ತಾಲೂಕು ಮಟ್ಟದಲ್ಲಿ ಇಂಥ ತಜ್ಞರ ಅಗತ್ಯವಿರುವುದಿಲ್ಲ ಎಂದು ಬರೆದಿದ್ದರು. ಅಗತ್ಯ ಇಲ್ಲವಂತೆ. ಒಂದು ಕಡೆ ಕಲ್ಲು ಕ್ವಾರಿ, ಇನ್ನೊಂದು ಕಡೆ ಇಟ್ಟಿಗೆ ಗೂಡು, ನೆಲಮಂಗಲದ ಕಡೆ ಹೋದರೆ ಸಾಲು ಲಾರಿಯ ಹೊಗೆ, ದೊಡ್ಡಬಳ್ಳಾಪುರದ ಗಲ್ಲಿಗಳಲ್ಲಿ ಮಗ್ಗದ ದೂಳು, ಮನೆಯೊಳಗೆ ಹಂಡೆ ಒಲೆ. ಇಷ್ಟರ ನಡುವೆ ಹುಟ್ಟಿ ಬೆಳೆಯುವ ಮಕ್ಕಳ ಎದೆ ನೋಡುವವರು ಬೇಕಾಗಿಲ್ಲ ಎಂದು ಸಹಿ ಮಾಡಿದವರು ಯಾವ ಊರಿನ ಗಾಳಿ ಕುಡಿಯುತ್ತಿದ್ದರೋ ನನಗೆ ಗೊತ್ತಿಲ್ಲ. ಮೇಡಂ ಸಂಬಳವಿಲ್ಲದ ರಜೆ ಹಾಕಿ ಎರಡು ವರ್ಷದ ತರಬೇತಿಗೆ ಉತ್ತರದ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಹೋದರು.

ಅಲ್ಲಿಂದ ಭಾನುವಾರ ಫೋನ್ ಮಾಡುತ್ತಿದ್ದರು. ಜೊತೆಯಲ್ಲಿ ಓದುವವರು ಆಂಟಿ ಅನ್ನುತ್ತಿದ್ದರಂತೆ. ಕಲಿಸುವ ಪ್ರೊಫೆಸರು ವಯಸ್ಸಿನಲ್ಲಿ ಇವರಿಗಿಂತ ಚಿಕ್ಕವನಂತೆ. "ಆರು ತಿಂಗಳಾಯ್ತು ಕಣೇ, ಬರೀ ಕೇಳಿಸ್ತಿದ್ದಾರೆ," ಅಂದರು ಒಂದು ಸಲ. "ಇಪ್ಪತ್ತು ವರ್ಷ ಸ್ಟೆತಾಸ್ಕೋಪ್ ಕತ್ತಿಗೆ ಹಾಕ್ಕೊಂಡು ಓಡಾಡಿದೀನಿ. ಕೇಳಿದ್ದು ಮಾತ್ರ ಈಗ." ಆ ಮಾತು ಹೇಳುವಾಗ ಅವರ ದನಿಯಲ್ಲಿ ನಾಚಿಕೆ ಇತ್ತು. ನನಗೆ ಆ ಮಗುವಿನ ನೆನಪಾಯಿತು, ಅವರಿಗೂ ಆಗಿರಬೇಕು.

ಎರಡು ವರ್ಷ ಮುಗಿಸಿ ಬಂದರು. ಮಗುವಿನ ಉಸಿರುನಾಳಕ್ಕೆ ಸ್ಕೋಪ್ ಇಳಿಸಿ ಬೀಜ, ಗುಂಡಿ, ಪಿನ್ನು ಏನಿದ್ದರೂ ತೆಗೆಯುವುದನ್ನು ಕಲಿತು ಬಂದಿದ್ದರು. ವರ್ಷಗಟ್ಟಲೆ ಗೊರಗೊರ ಅನ್ನುವ ಮಕ್ಕಳಲ್ಲಿ ಯಾವುದು ಆಸ್ತಮಾ, ಯಾವುದು ಟಿಬಿ, ಯಾವುದು ಹುಟ್ಟಿನಿಂದ ಬಂದ ತೊಂದರೆ ಎಂದು ಬೇರ್ಪಡಿಸುವುದನ್ನು ಕಲಿತು ಬಂದಿದ್ದರು. ಇಲಾಖೆ ಅವರನ್ನು ಹೇಗೆ ಬರಮಾಡಿಕೊಂಡಿತು ಗೊತ್ತೆ? ಅಂಥ ಹುದ್ದೆ ಮಂಜೂರಾದ ಪಟ್ಟಿಯಲ್ಲಿ ಇಲ್ಲವಾದ್ದರಿಂದ ಹಳೆಯ ಹುದ್ದೆಯಲ್ಲೇ ಮುಂದುವರಿಯತಕ್ಕದ್ದು ಎಂದಿತು. ಸರಿ, ಮುಂದುವರಿದರು. ಮಕ್ಕಳ ಸ್ಕೋಪ್ ಬೇಕು ಎಂದು ಬರೆದರು. ಮೂರು ವರ್ಷ ಫೈಲು ಓಡಾಡಿ, ಒಂದು ದಿನ ನಿಜಕ್ಕೂ ಪೆಟ್ಟಿಗೆ ಬಂತು. ರಿಬ್ಬನ್ ಕಟ್ಟಿದರು, ದೊಡ್ಡವರು ಬಂದು ಕತ್ತರಿಸಿದರು, ಭಾಷಣವಾಯಿತು. ಆಮೇಲೆ ಮೇಡಂ ಪೆಟ್ಟಿಗೆ ಬಿಚ್ಚಿ ನೋಡಿದರೆ ಅದು ದೊಡ್ಡವರ ಹೊಟ್ಟೆ ನೋಡುವ ಸ್ಕೋಪ್. ಕಿರುಬೆರಳ ಗಾತ್ರದ ಕೊಳವೆ. "ಇದನ್ನ ಮಗು ಉಸಿರುನಾಳಕ್ಕಲ್ಲ, ನಮ್ಮನೆ ಸಿಂಕಿಗೆ ಬಿಡಬಹುದು," ಎಂದು ಮುಚ್ಚಿಟ್ಟರು. ಅದು ಈಗಲೂ ನಮ್ಮ ಸ್ಟೋರಿನಲ್ಲಿದೆ, ದಾಸ್ತಾನು ಪುಸ್ತಕದಲ್ಲಿ ಅದರ ಹೆಸರು ಇವತ್ತಿಗೂ ಮಕ್ಕಳ ಶ್ವಾಸಕೋಶ ಉಪಕರಣ.

ಇನ್ನೊಬ್ಬರಾಗಿದ್ದರೆ ಕೆಲಸ ಬಿಟ್ಟು ಬೆಂಗಳೂರಿನ ದೊಡ್ಡ ಆಸ್ಪತ್ರೆ ಸೇರುತ್ತಿದ್ದರು. ನಾನೇ ಹೇಳಿದ್ದೆ. "ತೆಗೆಯೋಕೆ ಆಗಲ್ಲ, ಸರಿ. ಹುಡುಕೋಕೇನು ರೋಗ?" ಅಂದರು. ಲ್ಯಾಬಿನ ಪಕ್ಕದ ಮುರುಕಲು ಕೋಣೆಯನ್ನು ನಾವೇ ತೊಳೆದು ಸುಣ್ಣ ಬಳಿಸಿದೆವು. ಪ್ರತಿ ಗುರುವಾರ ಬೆಳಿಗ್ಗೆ ಕೆಮ್ಮು ದಮ್ಮಿನ ಮಕ್ಕಳು. ಮಧ್ಯಾಹ್ನ ಎರಡರಿಂದ ನಮಗೆ ಪಾಠ. ಮೂವರು ನರ್ಸುಗಳು, ಬಿಡುವಾದಾಗ ಬರುವ ಆಶಾ ಕಾರ್ಯಕರ್ತೆಯರು. ಬೋರ್ಡಿಲ್ಲ, ಪುಸ್ತಕವಿಲ್ಲ. ನಮ್ಮ ಕಣ್ಣು ಮುಚ್ಚಿಸಿ, ಒಂದಾದ ಮೇಲೊಂದು ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಏನು ಕೇಳಿತು ಹೇಳಿ ಅನ್ನುತ್ತಿದ್ದರು. ಕುಕ್ಕರ್ ಕೂಗೋಕೆ ಮುಂಚೆ ಬರುವ ಶಬ್ದದ ಹಾಗಿದೆ ಎಂದು ನಾನು ಒಮ್ಮೆ ಹೇಳಿದಾಗ, "ಹಂಗೇ ಹೇಳು, ಇಂಗ್ಲಿಷಲ್ಲಿ ಹೇಳಿದ್ರೆ ನಿಂಗೂ ಮರೆಯುತ್ತೆ ನಂಗೂ ಮರೆಯುತ್ತೆ," ಅಂದಿದ್ದರು. ತಿಂಗಳುಗಟ್ಟಲೆ ನನಗೆ ಎರಡು ಬದಿಯ ವ್ಯತ್ಯಾಸ ತಿಳಿಯಲೇ ಇಲ್ಲ. ಅವರು ಬಿಡಲಿಲ್ಲ.

ಆ ಕೋಣೆಯಲ್ಲಿ ಅವರು ಅಮ್ಮಂದಿರಿಗಿಂತ ಹೆಚ್ಚು ಮಾತಾಡುತ್ತಿದ್ದುದು ಅಜ್ಜಿಯರ ಜೊತೆ. ಅಮ್ಮ ಗಾರ್ಮೆಂಟ್ಸಿಗೆ ಹೋಗಿರುತ್ತಾಳೆ, ಹಗಲೆಲ್ಲ ಮಗುವನ್ನು ನೋಡಿದವಳು ಅಜ್ಜಿ ಎಂದು ಅವರಿಗೆ ಗೊತ್ತಿತ್ತು. ಚಳಿಗಾಲದಲ್ಲಿ ಪ್ರತಿಯೊಬ್ಬ ಅಜ್ಜಿಗೂ ಮೊದಲ ಪ್ರಶ್ನೆ ಒಂದೇ: "ಮನೇಲಿ ಅವರೆಕಾಳು ಹಿತ್ಕಿದ್ರಾ?" ಕೆಲವರು ನಗುತ್ತಿದ್ದರು, ಡಾಕ್ಟ್ರಮ್ಮನಿಗೆ ಸಾರು ಬೇಕೇನೋ ಅಂದುಕೊಂಡು ಮುಂದಿನ ಗುರುವಾರ ಡಬ್ಬಿ ತಂದವರೂ ಉಂಟು. ಆದರೆ ಒಬ್ಬೊಬ್ಬರು ನಗುತ್ತಿರಲಿಲ್ಲ. ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತ ಕೂರುತ್ತಿದ್ದರು. ಆಗ ಮೇಡಂ ಬೈಯುತ್ತಿರಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, "ನಾನೂ ಆಡ್ಸಿದೀನಿ ಕಣಮ್ಮ, ಎಲ್ಲಾ ಆಡಿಸ್ತಾರೆ. ಯಾವತ್ತು ಅಂತ ಹೇಳು ಸಾಕು," ಅನ್ನುತ್ತಿದ್ದರು. ಹಾಗೆ ಬಾಯಿಬಿಟ್ಟವರ ಮಕ್ಕಳನ್ನು ಆ ದಿನವೇ ಪತ್ರ ಕೊಟ್ಟು ಬೆಂಗಳೂರಿಗೆ ಕಳಿಸುತ್ತಿದ್ದರು. ಅಲ್ಲಿ ಅವರ ಜೊತೆ ಓದಿದ ಡಾಕ್ಟರೊಬ್ಬ ಕಾದಿದ್ದು ಒಳಗೆ ಕರೆದುಕೊಳ್ಳುತ್ತಿದ್ದ. ಹೀಗೆ ಹೋದ ಯಾವ ಮಗುವೂ ಮೊದಲ ಮಗುವಿನ ಹಾಗೆ ಆಗಲಿಲ್ಲ.

ಇಷ್ಟು ಬರೆದ ಮೇಲೆ ವಿಐಪಿ ಡ್ಯೂಟಿಯ ವಿಷಯ ಬರೆಯಲೇಬೇಕು. ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿದೆ. ಯಾರೋ ದೊಡ್ಡವರು ಇಳಿಯುತ್ತಾರೆ, ಯಾರೋ ಹತ್ತುತ್ತಾರೆ. ಅವರ ಕಾರುಗಳ ಹಿಂದೆ ಒಂದು ಆಂಬುಲೆನ್ಸು, ಆಂಬುಲೆನ್ಸಿನಲ್ಲಿ ಒಬ್ಬ ತಜ್ಞ ವೈದ್ಯರು ಇರಬೇಕು. ತಜ್ಞರು ಎಂದರೆ ಯಾವ ತಜ್ಞರು ಎಂದು ಆದೇಶದಲ್ಲಿ ಇರುವುದಿಲ್ಲ. ಪಟ್ಟಿಯಲ್ಲಿ ಹೆಚ್ಚು ಓದಿದವರ ಹೆಸರು ಮೇಲಿರುತ್ತದೆ, ಮೇಲಿನ ಹೆಸರಿಗೆ ಫೋನ್ ಬರುತ್ತದೆ. ಹೀಗಾಗಿ ಮಕ್ಕಳ ಶ್ವಾಸಕೋಶ ಕಲಿತು ಬಂದ ಒಬ್ಬರೇ ಒಬ್ಬ ಡಾಕ್ಟರು, ಅರವತ್ತು ವರ್ಷದ ಗಟ್ಟಿಮುಟ್ಟಾದ ಗಂಡಸರ ಹಿಂದೆ ಆಂಬುಲೆನ್ಸಿನಲ್ಲಿ ಕೂತು ಹೋಗುತ್ತಿದ್ದರು. ಗುರುವಾರ ಎಂದು ಯಾರಿಗಿದೆ? ಹೊರಗೆ ಬೆಂಚು ತುಂಬ ಮಕ್ಕಳು ಏದುಸಿರು ಬಿಡುತ್ತಿರುವಾಗಲೇ ಫೋನು ಬರುತ್ತಿತ್ತು.

ಒಂದು ಗುರುವಾರ ಹೀಗೆ ಹೋದವರು ನಾಲ್ಕು ಗಂಟೆ ಬಿಟ್ಟು ಬಂದರು. ವಿಮಾನ ತಡವಾಗಿತ್ತಂತೆ. "ಹೆಂಗಿತ್ತು ಮೇಡಂ?" ಅಂದೆ.

"ಆ ಮನುಷ್ಯನಿಗೆ ಒಂದು ಕೆಮ್ಮು ಕೂಡ ಬರ್ಲಿಲ್ಲ," ಅಂದರು. ಆಮೇಲೆ ಬೆಂಚು ನೋಡಿದರು. ಬೆಂಚು ಖಾಲಿ ಇತ್ತು. ಕಾದು ಕಾದು ಎಲ್ಲರೂ ಊರಿಗೆ ಬಸ್ಸು ಹಿಡಿದಿದ್ದರು.

ನನಗೆ ಅವರ ಮೇಲೂ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ನಮ್ಮಂಥವರ ಮೇಲೆ ಅಷ್ಟು ಬಾಯಿ ಮಾಡುವ ಹೆಂಗಸು ಆ ಫೋನಿಗೆ ಒಂದು ಸಲವಾದರೂ ಬರಲ್ಲ ಅನ್ನಬಹುದಿತ್ತಲ್ಲ? ನೇರವಾಗಿಯೇ ಕೇಳಿದೆ. ಬುತ್ತಿ ಡಬ್ಬಿ ತೊಳೆಯುತ್ತಿದ್ದರು. "ಬರಲ್ಲ ಅಂದ್ರೆ ನಾಳೆ ವರ್ಗ ಮಾಡ್ತಾರೆ. ಎಲ್ಲಿಗೋ ದೂರ. ಈ ಕೋಣೆಗೆ ಬೀಗ ಬೀಳುತ್ತೆ. ತಿಂಗಳಲ್ಲಿ ಒಂದು ಗುರುವಾರ ಅವರು ತಿಂದ್ರೆ ನನಗೆ ಮೂರು ಉಳಿಯುತ್ತೆ ಕಣೇ," ಅಂದರು. ಆಮೇಲೆ ಡಬ್ಬಿ ಒರೆಸುತ್ತ, "ಅದಕ್ಕೇ ನಿಮಗೆಲ್ಲಾ ಕಲಿಸ್ತಿರೋದು. ನಾಲ್ಕನೇದು ನೀವು ನೋಡ್ಬೇಕು," ಎಂದರು. ಅವರು ನನಗೆ ಹೇಳಿದ್ದು ಅದು. ಮೆಮೊದ ಮೂರನೆಯ ಪ್ರಶ್ನೆಗೆ ಅದೇ ಉತ್ತರ ಎಂದು ನೀವು ಹೇಳಬಹುದು.

ಡಿಸೆಂಬರಿನಲ್ಲಿ ನಿವೃತ್ತಿಯಾದರು. ಬೀಳ್ಕೊಡುಗೆಯ ದಿನ ತಾಲೂಕಿನ ಮುಖಂಡರೊಬ್ಬರು ಮೈಕು ಹಿಡಿದು, "ಇಷ್ಟು ದೊಡ್ಡ ಓದು ಓದಿದ್ರೂ ನಮ್ಮ ಮೇಡಂ ಒಂದಿನಾನೂ ವಿಐಪಿ ಡ್ಯೂಟಿ ಬೇಡ ಅನ್ಲಿಲ್ಲ. ಸರಳತೆ ಅಂದ್ರೆ ಅದು," ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಎರಡು ವರ್ಷದ ಓದು, ಸ್ಟೋರಿನಲ್ಲಿ ಕೂತ ಆ ಸ್ಕೋಪು, ಖಾಲಿಯಾದ ಬೆಂಚು, ಇದ್ಯಾವುದೂ ಆ ವೇದಿಕೆಯಲ್ಲಿ ಯಾರ ಬಾಯಿಗೂ ಬರಲಿಲ್ಲ. ಒಬ್ಬ ಹೆಂಗಸನ್ನು ಹನ್ನೆರಡು ವರ್ಷ ಹಾಳು ಮಾಡಿ, ಹಾಳಾಗಲು ಒಪ್ಪಿಕೊಂಡದ್ದಕ್ಕೆ ಶಾಲು ಹೊದಿಸುವವರನ್ನು ಏನೆಂದು ಕರೆಯಬೇಕು?

ಕೊನೆಗೆ ಎರಡು ಮಾತಾಡಿ ಎಂದರು. ಮೇಡಂ ಪೇಟ ತೆಗೆದು ಟೇಬಲ್ಲಿನ ಮೇಲಿಟ್ಟು ಎದ್ದರು. ಧನ್ಯವಾದ ಗಿನ್ಯವಾದ ಏನೂ ಇಲ್ಲ. "ಯಾರ್ಯಾರ ಮನೇಲಿ ಅವರೆಕಾಯಿ ಬಂದಿದೆ, ಕೈ ಎತ್ತಿ," ಅಂದರು. ಸಭೆ ನಕ್ಕಿತು, ಬಹುಪಾಲು ಕೈಗಳು ಎದ್ದವು. "ಐದು ವರ್ಷದ ಒಳಗಿನ ಮಗು ಇರೋರು ಹಾಗೇ ಎತ್ತಿರಿ." ಹತ್ತು ಹದಿನೈದು ಕೈ ಉಳಿದವು. ಆ ಕೈಗಳನ್ನು ನೋಡಿಕೊಂಡು, ನಗುವ ಮಗುವಿನ ಬಾಯಿಗೆ ಕಾಳು ಹಾಕಬೇಡಿ, ಹಾಕಿ ಕೆಮ್ಮು ಬಂದು ತಾನೇ ನಿಂತರೆ ನಂಬಬೇಡಿ, ಆವತ್ತೇ ಕರೆದುಕೊಂಡು ಬನ್ನಿ, ಯಾರೂ ಕೇಳದಿದ್ದರೂ ನೀವೇ ಬಾಯಿಬಿಟ್ಟು ಹೇಳಿ ಎಂದು ಶಾಲೆಯ ಪಾಠದ ಹಾಗೆ ಹೇಳಿ ಕೂತುಬಿಟ್ಟರು. ಅಡುಗೆಯವನು ಅವತ್ತು ಹಿತಕಿದ ಬೇಳೆ ಸಾರನ್ನೇ ಮಾಡಿದ್ದ. ಅವರು ಎರಡು ಸಲ ಹಾಕಿಸಿಕೊಂಡರು.

ಜನವರಿಯಲ್ಲಿ ಹೊಸ ಡಾಕ್ಟರು ಬಂದರು. ಚಿಕ್ಕ ವಯಸ್ಸು, ಒಳ್ಳೆಯ ಹುಡುಗ, ಅವರ ಬಗ್ಗೆ ನನಗೆ ದೂರಿಲ್ಲ. ಗುರುವಾರದ ಕೋಣೆಯ ಬೀಗದ ಕೈ ಮಾತ್ರ ಕಚೇರಿಯವರು ತೆಗೆದುಕೊಂಡರು. ಈಗ ಅಲ್ಲಿ ವಿಐಪಿ ಡ್ಯೂಟಿಯ ಸಾಮಾನು ಇಟ್ಟಿದ್ದಾರೆ.

ಬಂದ ಮೂರನೆಯ ವಾರವೇ ಹೊಸ ಡಾಕ್ಟರಿಗೆ ವಿಮಾನ ನಿಲ್ದಾಣದ ಫೋನು ಬಂತು. ಅವರು ಹೋದ ಅರ್ಧ ಗಂಟೆಗೆ ಸೂಲಿಬೆಲೆ ಆಚೆಯ ಹಳ್ಳಿಯಿಂದ ಒಬ್ಬ ಅಜ್ಜಿ ಎರಡೂವರೆ ವರ್ಷದ ಮೊಮ್ಮಗಳನ್ನು ಎತ್ತಿಕೊಂಡು ಬಂದಳು. ಹದಿನೈದು ದಿನದಿಂದ ಕೆಮ್ಮು, ಎರಡು ಸಲ ಸಿರಪ್ ಆಗಿತ್ತು. ಡಾಕ್ಟರು ಸಂಜೆ ಬರುತ್ತಾರೆ, ನಾಳೆ ಬನ್ನಿ ಎಂದು ಹೇಳುವುದು ನನ್ನ ಕೆಲಸ. ಬಾಯಿಯವರೆಗೂ ಬಂತು ಆ ಮಾತು. ಆದರೆ ಮಗುವಿನ ಪಕ್ಕೆಲುಬಿನ ನಡುವಿನ ಚರ್ಮ ಒಳಗೆಳೆಯುತ್ತಿದ್ದುದು ಅಂಗಿಯ ಮೇಲಿಂದಲೇ ಕಾಣುತ್ತಿತ್ತು. ಸ್ಟೆತಾಸ್ಕೋಪಿನ ಬಿಲ್ಲೆ ಉಜ್ಜಿ, ಕೆನ್ನೆಗೆ ತಾಗಿಸಿ ನೋಡಿ, ಮಗುವಿನ ಎದೆಗಿಟ್ಟೆ. ಎಡಕ್ಕೆ, ಬಲಕ್ಕೆ. ಮತ್ತೆ ಎಡಕ್ಕೆ, ಬಲಕ್ಕೆ. ಎಡಗಡೆ ಗಾಳಿ ಚೆನ್ನಾಗಿ ಹೋಗುತ್ತಿತ್ತು. ಬಲಗಡೆ ಕೆಳಗೆ ಏನೂ ಇಲ್ಲವೆನ್ನುವಷ್ಟು ಕಡಿಮೆ.

ಅಜ್ಜಿಯನ್ನು ಕೇಳಿದೆ. "ಮನೇಲಿ ಅವರೆಕಾಳು ಹಿತ್ಕಿದ್ರಾ?"

ಅಜ್ಜಿ ನಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡಳು.

"ನಾನೂ ಆಡ್ಸಿದೀನಿ ಕಣಮ್ಮ, ಎಲ್ಲಾ ಆಡಿಸ್ತಾರೆ. ಯಾವತ್ತು ಅಂತ ಹೇಳು ಸಾಕು," ಅಂದೆ. ಹೇಳಿದ ಮೇಲೆ ಅದು ನನ್ನ ಮಾತಲ್ಲ ಎಂದು ತಿಳಿಯಿತು.

"ಹಬ್ಬಕ್ಕೆ ಎಲ್ಡು ದಿನ ಮುಂಚೆ ಕಣವ್ವ. ಮಗ ನಗ್ತಿತ್ತು. ಒಂದು ಬಾಯಿಗಾಕ್ಬುಟ್ಟೆ. ಕೆಮ್ತು, ಆಮ್ಯಾಕೆ ಸರೋಯ್ತು," ಅಂದಳು. "ನಮ್ ಸೊಸೆಗೆ ಹೇಳ್ಬ್ಯಾಡ ಕಣವ್ವ."

ಹೊಸ ಡಾಕ್ಟರಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಡ್ಯೂಟಿಯಲ್ಲಿದ್ದಾಗ ಎತ್ತುವಂತಿಲ್ಲ. ಆಸ್ಪತ್ರೆಯ ಲೆಟರ್‌ಹೆಡ್ ತೆಗೆದುಕೊಂಡು ಏನು ಕೇಳಿತು, ಅಜ್ಜಿ ಏನು ಹೇಳಿದಳು ಎಂದು ಬರೆದು, ಕೆಳಗೆ ನನ್ನ ಹೆಸರು ಹಾಕಿ, ಸೀಲು ಒತ್ತಿ, ಆಂಬುಲೆನ್ಸಿಗೆ ಫೋನ್ ಮಾಡಿ ಕಳಿಸಿದೆ. ಆವತ್ತು ಸಾಯಂಕಾಲವೇ ಅಲ್ಲಿ ಸ್ಕೋಪ್ ಇಳಿಸಿ ಬೇಳೆಯ ಒಂದು ಹೋಳು ತೆಗೆದರು. ನಾಲ್ಕನೆಯ ದಿನ ಮಗು ಮನೆಗೆ ಬಂತು.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಬೆಂಗಳೂರಿನ ಆಸ್ಪತ್ರೆಯವರು ಒಳ್ಳೆಯ ಜನ, ಸಕಾಲಕ್ಕೆ ಗುರುತಿಸಿ ಕಳಿಸಿದ ವೈದ್ಯರಿಗೆ ಅಭಿನಂದನೆ ಎಂದು ನಮ್ಮ ಆಸ್ಪತ್ರೆಗೆ ಒಂದು ಕಾಗದ ಬರೆದರು. ಕಚೇರಿಯವರು ಯಾವ ವೈದ್ಯರು ಎಂದು ಹುಡುಕಿದರು. ನಾನು ಕಳಿಸಿದ ಪತ್ರದ ಕಾರ್ಬನ್ ಪ್ರತಿಯಲ್ಲಿ ನರ್ಸಿನ ಸಹಿ ಸಿಕ್ಕಿತು. ಮೆಮೊ ಹುಟ್ಟಿದ್ದು ಆ ಅಭಿನಂದನೆಯಿಂದ.

ನಮ್ಮ ಸಂಘದ ಕಾರ್ಯದರ್ಶಿ ಬಂದು ಸಮಾಧಾನ ಹೇಳಿದ. "ಅಚಾತುರ್ಯದಿಂದ ಆಗಿದೆ, ಇನ್ಮೇಲೆ ಹಿಂಗೆ ಮಾಡಲ್ಲ ಅಂತ ಎರಡು ಸಾಲು ಬರ್ದ್‌ಬಿಡಿ ಸಿಸ್ಟರ್, ಫೈಲ್ ಕ್ಲೋಸ್ ಮಾಡಿಸ್ತೀನಿ." ಇನ್ನು ಮೇಲೆ ಮಾಡಲ್ಲ ಅಂದರೆ ಏನರ್ಥ? ಇನ್ನು ಮೇಲೆ ಕೇಳಲ್ಲ ಅಂದಂತಾಯಿತಲ್ಲ. ಕಲಿಸಿದವರು ಮನೆಗೆ ಹೋದರು, ಕೋಣೆಗೆ ಬೀಗ ಬಿತ್ತು, ಉಳಿದದ್ದು ನಮ್ಮ ಮೂವರ ಕಿವಿ. ನನ್ನ ಎರಡು ಸಾಲು ನೋಡಿದ ಮೇಲೆ ಉಳಿದಿಬ್ಬರು ಯಾವ ಧೈರ್ಯದ ಮೇಲೆ ಮಗುವನ್ನು ಮುಟ್ಟುತ್ತಾರೆ?

ಬುಧವಾರ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ.

"ಯಾವ ಕಡೆ?" ಅಂದರು.

"ಬಲಗಡೆ, ಕೆಳಗೆ."

ಆಮೇಲೆ, "ಉಸಿರು ಎಣಿಸಿದ್ಯಾ?"

"ಎಣಿಸ್ದೆ ಮೇಡಂ."

"ಪೂರ್ತಿ ನಿಮಿಷ?"

"ಪೂರ್ತಿ ನಿಮಿಷ."

"ಮತ್ತೆ ಯಾಕೆ ಹೆದರ್ತೀಯಾ? ನನ್ನ ಹೆಸರು ಬರಿ. ರಿಟೈರ್ ಆದೋಳಿಗೆ ಮೆಮೊ ಕೊಡೋಕಾಗಲ್ಲ," ಎಂದು ಫೋನಿಟ್ಟರು.

ನಾನು ಅವರ ಹೆಸರು ಬರೆಯಲಿಲ್ಲ. ಇವರು ಅವರ ಹೆಸರನ್ನು ಮತ್ತೊಮ್ಮೆ ತಮ್ಮ ಫೈಲಿನಲ್ಲಿ ಹೊರಳಾಡಿಸುವುದು ನನಗೆ ಬೇಕಿರಲಿಲ್ಲ. ಹಳೆಯ ದಾಖಲೆಗಳ ಕೋಣೆಗೆ ಹೋಗಿ, ಹದಿನೈದು ವರ್ಷದ ಹಿಂದಿನ ಒಳರೋಗಿ ರಿಜಿಸ್ಟರ್ ಹುಡುಕಿ, ದೂಳು ಒರೆಸಿ, ಆ ಮೊದಲ ಮಗುವಿನ ನಂಬರು ಬರೆದುಕೊಂಡೆ. ಗುರುವಾರ ಬೆಳಿಗ್ಗೆ ಸಮಜಾಯಿಷಿ ಕೊಟ್ಟೆ. ಮೊದಲ ಪ್ರಶ್ನೆಗೆ, ನನಗೆ ಅಧಿಕಾರವಿಲ್ಲ. ಎರಡನೆಯದಕ್ಕೆ, ಅದಕ್ಕೂ ಅಧಿಕಾರವಿಲ್ಲ. ಮೂರನೆಯ ಪ್ರಶ್ನೆಗೆ ಆ ರಿಜಿಸ್ಟರ್ ನಂಬರು ಬರೆದು, ಅದರ ಕೆಳಗೆ ಹೀಗೆ ಸೇರಿಸಿದೆ: ಮಾನ್ಯರೇ, ನನಗೆ ಹೇಳಿದ್ದು ಈ ಮಗು. ವಯಸ್ಸು ಮೂರು. ಐದು ವಾರ ಈ ಮಗುವನ್ನು ನೋಡಿದ ಡಾಕ್ಟರರಿಗೆಲ್ಲ ನೋಡುವ ಅಧಿಕಾರವಿತ್ತು, ಸೂಜಿ ಚುಚ್ಚಿದ ನನಗೂ ಚುಚ್ಚುವ ಅಧಿಕಾರವಿತ್ತು. ಕೇಳಿದವರು ಯಾರೂ ಇರಲಿಲ್ಲ.